ಗೇರ್ ಸೈಕಲ್ ಮೇಲೆ ವರ್ಗದ ಅರ್ಜಿ

ಸೆಟ್ಟೂರಿನ ಪಶು ಆಸ್ಪತ್ರೆಯ ಅಟೆಂಡರ್ ರಾಮಾಂಜಿ ವರ್ಗದ ಅರ್ಜಿ ಬರೆಸಿ ಹತ್ತು ದಿನವಾಗಿತ್ತು. ಅಮಾವಾಸ್ಯೆ ಕಳೆಯಲಿ, ಮಂಗಳವಾರ ಮುಗಿಯಲಿ ಎಂದು ಒಳ್ಳೆಯ ದಿನಕ್ಕೆ ಕಾದವನಿಗೆ ಕೊನೆಯ ದಿನವೇ ಬಂದುಬಿಟ್ಟಿತು, ಜೊತೆಗೆ ಮಳೆಯೂ. ಹಳ್ಳ ಉಕ್ಕಿ ಬಸ್ಸು ನಿಂತಿತ್ತು. ಸಂಜೆ ಐದರೊಳಗೆ ಅರ್ಜಿ ಕಲ್ಯಾಣದುರ್ಗದ ಸಾಹೇಬರ ಕೈ ಸೇರದಿದ್ದರೆ ಇನ್ನೂ ಮೂರು ವರ್ಷ ಕುರಿಮಂದೆಗಳ ಹಿಂದೆ ಅಲೆಯಬೇಕು.

ಎದುರುಮನೆಯ ಮೇಷ್ಟ್ರು ಅಂಬರೀಶ್ ಹಿಂದೂಪುರದಲ್ಲಿ ಕೊಂಡಿದ್ದ ದಪ್ಪ ಟೈರಿನ ಗೇರ್ ಸೈಕಲ್ಲನ್ನು ಹೊರಗೆ ತಂದರು. "ಎರೆ ಹೊಲದ ಅಡ್ಡದಾರೀಲಿ ಹೋಗ್ಬುಡು ಕಣಪ್ಪ. ಇದು ಎಂಥಾ ಕೆಸರಲ್ಲೂ ಹೋಯ್ತದೆ."

"ನಂಗೆ ಗೇರ್ ಗೊತ್ತಿಲ್ಲ ಸಾ."

"ಲಾರಿ ಇದ್ದಂಗೆ ಕಣ್ಲಾ," ಎಂದ ಕುರಿ ಕಾಯುವ ಬೋರಪ್ಪ. ಅವನು ಲಾರಿ ಹತ್ತಿದ್ದೆಲ್ಲ ಹಿಂಬದಿಗೆ, ಕುರಿಗಳ ಜೊತೆ.

ಪಕ್ಕದ ಮನೆಯ ತಿಪ್ಪಕ್ಕ ಕುಂಬಳಕಾಯಿ ಹಿಡಿದು ಓಡಿಬಂದಳು. "ಹೆಂಗೂ ಹೋಯ್ತೀಯ, ಅಲ್ಲೇ ಇರೋ ನಮ್ಮ ಹುಡುಗಿ ಮನೇಗೆ ಕೊಟ್ಬುಡಪ್ಪ." ಕ್ಯಾರಿಯರ್ ಇಲ್ಲದ್ದನ್ನು ಕಂಡು ಕಾಯಿಯನ್ನು ಅವನ ಬೆನ್ನಿಗೇ ಕಟ್ಟಿದಳು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಎರೆಮಣ್ಣು ಬ್ರೇಕಿನ ಸಂದಿಯಲ್ಲಿ ರಾಗಿಮುದ್ದೆಯಂತೆ ಗಟ್ಟಿಯಾಯಿತು. ಕಡ್ಡಿಯಿಂದ ಕೆರೆದ, ಹತ್ತಿದ, ಬಿದ್ದ. ಒಂದು ಗೇರಿಗೆ ಕಾಲು ಗಿರಗಿರನೆ ತಿರುಗಿದರೂ ಸೈಕಲ್ ಮುಂದೆ ಹೋಗಲೊಲ್ಲದು. ಇನ್ನೊಂದಕ್ಕೆ ಕಾಲೇ ತಿರುಗದು. ಕೊನೆಗೆ ಯಾವುದೋ ಗೇರ್ ಕಟಕ್ಕನೆ ಕೂತಿತು ನೋಡಿ, ಸೈಕಲ್ ಕೆಸರು ಸೀಳಿಕೊಂಡು ನುಗ್ಗಿತು. ಹೂತುಹೋದ ಟ್ರಾಕ್ಟರ್ ಹಿಂದೆ ಬಿತ್ತು, ಮೋಟರ್‌ಬೈಕು ತಳ್ಳುತ್ತಿದ್ದವರು ಹಿಂದೆ ಬಿದ್ದರು. ರಾಮಾಂಜಿಗೆ ಇಪ್ಪತ್ತೈದು ವರ್ಷ ಕಡಿಮೆಯಾದಷ್ಟು ಖುಷಿಯಾಯಿತು.

"ದಾರಿ ಬಿಡ್ರಲಾ!" ಎಂದು ಖಾಲಿ ಹೊಲಕ್ಕೆ ಕೂಗಿದ.

ಐದಕ್ಕೆ ಹತ್ತು ನಿಮಿಷವಿರುವಾಗ, ಕಣ್ಣೆರಡು ಬಿಟ್ಟರೆ ಮಿಕ್ಕಿದ್ದೆಲ್ಲ ಕೆಸರಾದ ರಾಮಾಂಜಿ ಬೆನ್ನಿನ ಕುಂಬಳಕಾಯಿ ಸಮೇತ ಆಫೀಸಿನ ಅಂಗಳಕ್ಕೆ ನುಗ್ಗಿದ. ಗುಮಾಸ್ತರೆಲ್ಲ ಹೊರಬಂದು ಚಪ್ಪಾಳೆ ತಟ್ಟಿದರು. ಸಾಹೇಬರೇ ವರಾಂಡಕ್ಕೆ ಬಂದರು.

"ಶಭಾಷ್! ಸೆಟ್ಟೂರಿಂದ ತುಳ್ಕಂಡೇ ಬಂದ್ಯೇನಯ್ಯಾ?"

"ಒಂದೇ ಉಸಿರಿಗೆ ಸಾ! ಎಲ್ಲೂ ಕಾಲು ಕೆಳಗಿಡ್ಲಿಲ್ಲ. ಬೇಕಂದ್ರೆ ಈಗಲೂ ಇನ್ನೊಂದು ಸಲ ಹೋಗಿ ಬತ್ತೀನಿ."

ಸಾಹೇಬರು ಅವನಿಗೆ ಟೀ ತರಿಸಿ, ಅವನು ಕೊಟ್ಟ ಪ್ಲಾಸ್ಟಿಕ್ ಕವರಿನಿಂದ ಅರ್ಜಿ ತೆಗೆದು ಎಲ್ಲರಿಗೂ ಕೇಳುವಂತೆ ಓದಿದರು: "ಎರಡೂ ಮೊಣಕಾಲು ಸವೆದು ಸೈಕಲ್ ತುಳಿಯುವುದಿರಲಿ, ಐವತ್ತು ಹೆಜ್ಜೆ ನಡೆಯಲೂ ಆಗದ ಕಾರಣ, ದಯವಿಟ್ಟು ನನ್ನನ್ನು ಕಲ್ಯಾಣದುರ್ಗದ ಆಫೀಸಿಗೆ..." ಕೆಳಗೆ ಡಾಕ್ಟರ ಸರ್ಟಿಫಿಕೇಟೂ ಇತ್ತು.

ರಾಮಾಂಜಿ ಟೀ ಲೋಟ ಕೆಳಗಿಟ್ಟು ಎರಡೂ ಮೊಣಕಾಲು ಹಿಡಿದುಕೊಂಡ.

ಸಾಹೇಬರು ಅರ್ಜಿ ಮಡಿಸಿ ಅವನ ಕೈಗೇ ಇಟ್ಟರು. "ಇಂಥಾ ಕಾಲು ಜಿಲ್ಲೇಲೇ ಇಲ್ಲ ಕಣಯ್ಯ. ಇವನ್ನ ಆಫೀಸಲ್ಲಿ ಕೂರ್ಸಿ ಹಾಳ್ಮಾಡಕ್ಕಾಯ್ತದಾ? ಸೆಟ್ಟೂರಲ್ಲೇ ಇರು. ಸುತ್ತಲ ಎಂಟು ಹಳ್ಳೀನೂ ಇನ್ಮೇಲೆ ನೀನೇ ನೋಡ್ಕೋ."

ಗುಮಾಸ್ತರು ಮತ್ತೆ ಜೋರಾಗಿ ಚಪ್ಪಾಳೆ ತಟ್ಟಿದರು. ಏನು ಮಾಡಬೇಕೆಂದು ತೋಚದೆ ರಾಮಾಂಜಿಯೂ ತಟ್ಟಿದ.