ಮೈಲಾರಲಿಂಗಪ್ಪನವರು ಉಂಡ ಮನೆಗಳು

ಕಂಬಳಿ ಅಂಗಡಿ ಮೈಲಾರಲಿಂಗಪ್ಪನವರ ಬಗ್ಗೆ ನಾಲ್ಕು ಮಾತಾಡಲು ಸಿದ್ದಪ್ಪ ಮಾಸ್ತರು ಒಪ್ಪಿಕೊಂಡದ್ದೇ ತಪ್ಪಾಯಿತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಲವತ್ತು ವರ್ಷ ಕಂಬಳಿ ಮಾರಿದ ಆ ಸಾವಕಾರರು ತೀರಿಕೊಂಡು 1938ರ ಮಾಗಿಗೆ ಒಂದು ವರ್ಷ ತುಂಬಿತ್ತು. ಅವರ ಅಂಗಡಿಯಲ್ಲಿ ಮಾರಿದ ಕಂಬಳಿಗಿಂತ ಸುಮ್ಮನೆ ಹೊದಿಸಿ ಕಳಿಸಿದ ಕಂಬಳಿಯೇ ಹೆಚ್ಚೆಂದು ಜನ ಹೇಳುತ್ತಿದ್ದರು. ಸಂಜೆ ನಾಲ್ಕಕ್ಕೆ ಗರಡಿಮನೆಯ ಅಂಗಳದಲ್ಲಿ ನೆನಪಿನ ಸಭೆಯಿತ್ತು. ಬೆಳಿಗ್ಗೆಯೇ ಮಾಸ್ತರು ವಿಷಯ ಕೇಳಲು ಸಾವಕಾರರ ಹೆಂಡತಿ ಬೀರವ್ವನವರ ಮನೆಗೆ ಹೋದರು.

“ಬಾಳ ಹೇಳೂದು ಬ್ಯಾಡ್ರಿ ಮಾಸ್ತರ,” ಎಂದರು ಬೀರವ್ವ. “ನಲವತ್ತು ವರ್ಷದಾಗ ನನ್ನ ಕೈಯಾಗಿನ ರೊಟ್ಟಿ ಬಿಟ್ಟು ನಮ್ಮ ಮನಿಯವರು ಹೊರಗ ಒಂದು ತುತ್ತು ಉಂಡವರಲ್ಲ. ಅದೊಂದು ಮಾತು ಎಲ್ಲಾರ ಮುಂದ ಹೇಳ್ರಿ. ಸಾಕು.”

ಮಾಸ್ತರ ಕಣ್ಣು ತುಂಬಿ ಬಂತು. ಹಾಗೇ ಬರೆದುಕೊಂಡರು.

ಓಣಿಯ ತಿರುವಿನಲ್ಲಿ ಟಾಂಗಾ ಹೊಡೆಯುವ ಗುಲಾಬಸಾಬ ಸಿಕ್ಕ. “ಸಾವಕಾರ್ರ ಸುದ್ದಿ ಏನ ಕೇಳತೀರಿ? ವಾರಕ್ಕ ಎರಡು ಸಲ ನಮ್ಮ ಮನ್ಯಾಗ ಕುಂತು ಉಣ್ಣತಿದ್ರು. ನಮ್ಮ ಮನಿ ಖಾರ ಅಂದ್ರ ಅವರಿಗೆ ಜೀವ.”

ಮಾಸ್ತರ ಪೆನ್ಸಿಲು ಮೊಂಡ ಎತ್ತಿನಂತೆ ನಿಂತುಬಿಟ್ಟಿತು.

ಹತ್ತಿ ಬಿಡಿಸುವ ಜಿನ್ನಿನಲ್ಲಿ ಅರಳೆ ಹೊರುವ ಯಮನಪ್ಪ, “ಸೋಮವಾರ ನಮ್ಮಲ್ಲೆ ಊಟ,” ಎಂದ. ಕಾಯಿಪಲ್ಯೆ ಮಾರುವ ಗುಡ್ಡವ್ವ ಗುಟ್ಟನ್ನೇ ಬಿಚ್ಚಿದಳು. “ಮನ್ಯಾಗ ಜ್ವಾಳ ಅದಾವೇನು ಅಂತ ಕೇಳಿದ್ರ ನಾವು ಇಲ್ಲ ಅಂತಿದ್ದಿವೇನ್ರಿ? ಅದಕ್ಕ ‘ಹಸಿವಿ ಆಗೇತಿ, ರೊಟ್ಟಿ ಹಾಕವ್ವ’ ಅಂತ ಬಂದು ಕುಂದರತಿದ್ರು. ಉಣ್ಣಕೋತ ಗಡಗಿ ನೋಡತಿದ್ರು. ಖಾಲಿ ಇದ್ರ ಮರುದಿನ ಬಾಗಲಾಗ ಜ್ವಾಳದ ಚೀಲ ಇರತಿತ್ತು. ಯಾರು ಇಟ್ಟರಂತ ಕೇಳಿದ್ರ ಸಾವಕಾರ್ರು ‘ನನಗೇನ ಗೊತ್ತು’ ಅಂತಿದ್ರು.”

ಅಂದರೆ ಆ ಮನುಷ್ಯ ಓಣಿಯೆಲ್ಲ ಉಂಡು, ಹೆಂಡತಿಯ ಮನಸ್ಸು ನೋಯಬಾರದೆಂದು ಮನೆಗೆ ಬಂದು ಮತ್ತೆ ಉಣ್ಣುತ್ತಿದ್ದರು. ಮಾಸ್ತರು ಪೆನ್ಸಿಲನ್ನು ಕಿಸೆಗೆ ಹಾಕಿದರು. ಇದು ಬೀರವ್ವನವರ ಕಿವಿಗೆ ಬೀಳಬಾರದು ಎಂದು ಅಲ್ಲೇ ನಿಶ್ಚಯಿಸಿದರು.

ಮನೆಮನೆಗೆ ಹೋಗಿ, “ಸಭಾದಾಗ ಊಟದ ಸುದ್ದಿ ಎತ್ತಬ್ಯಾಡ್ರಿ,” ಎಂದು ಕೈಮುಗಿದರು. ಗೊತ್ತಿಲ್ಲದವರು, “ಯಾವ ಊಟರಿ?” ಎಂದು ಕೇಳಿದರು. ಅವರಿಗೆ ಬಿಡಿಸಿ ಹೇಳಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಗುಟ್ಟು ಸ್ಟೇಶನ್ ತನಕ ಮುಟ್ಟಿತ್ತು.

ಸಭೆಯಲ್ಲಿ ಮಾಸ್ತರು ಎದ್ದುನಿಂತು, “ಮೈಲಾರಲಿಂಗಪ್ಪನವರು ಧರ್ಮಪತ್ನಿಯ ಕೈಯ ರೊಟ್ಟಿ ಬಿಟ್ಟು ಹೊರಗೆ ಒಂದು ತುತ್ತನ್ನೂ ಉಂಡವರಲ್ಲ,” ಎಂದರು. ಅಂಗಳಕ್ಕೆ ಅಂಗಳವೇ ಕೆಮ್ಮಿತು. ಗುಲಾಬಸಾಬ ತನ್ನ ಕುದುರೆಯಂತೆ ಮೂಗಿನಲ್ಲಿ ಸದ್ದು ಮಾಡಿ ತಲೆ ತಗ್ಗಿಸಿದ. ಬಾಯಿ ಮಾತ್ರ ಯಾರೂ ತೆರೆಯಲಿಲ್ಲ.

ಬೀರವ್ವ ಸ್ವಲ್ಪ ಹೊತ್ತು ಕಾದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದರು.

“ಯಾಕ ಎಲ್ಲಾರೂ ಸುಮ್ಮ ಕುಂತೀರಿ? ಮನಿಯವರು ನಾಕು ಮನಿ ಉಂಡು ಬರೂದು ನನಗ ಗೊತ್ತಿರಲಿಲ್ಲೇನು? ದಿನಾ ತೇಗಕೋತ ಬಂದು ಎಲಿ ಮುಂದ ಕುಂದರತಿದ್ರು. ನಾನೂ ಅಂಗೈಯಷ್ಟು ರೊಟ್ಟಿ ಬಡಿತಿದ್ದೆ. ನನಗ ಗೊತ್ತೈತಿ ಅಂದಿದ್ರ ನಾಚಿಕೊಂಡು ಹೋಗೂದ ಬಿಡತಿದ್ರು. ಅದಕ್ಕ ಕೇಳಲಿಲ್ಲ. ಎಲ್ಲೆಲ್ಲಿ ಉಂಡ್ರು, ಏನ ಮಾತಾಡಿದ್ರು, ಇವತ್ತರ ನಿಮ್ಮ ಬಾಯಿಲೆ ಕೇಳೂಣಂತ ಆ ಸುಳ್ಳು ಹೇಳಿಸಿದೆ. ಒಬ್ಬರರ ಎದ್ದು ಅಲ್ಲ ಅಂತೀರಿ ಅನಕೊಂಡಿದ್ದೆ. ಯಾರ ನಿಮ್ಮ ಬಾಯಿ ಕಟ್ಟಿದವರು?”

ಇಡೀ ಸಭೆ ಮಾಸ್ತರ ಕಡೆ ತಿರುಗಿತು.

ಆಮೇಲೆ ಒಬ್ಬೊಬ್ಬರೇ ಎದ್ದು ಹೇಳತೊಡಗಿದರು. ಬೀರವ್ವ ನಕ್ಕರು, ಅತ್ತರು, ಮತ್ತೆ ಮತ್ತೆ ಕೇಳಿಸಿಕೊಂಡರು. ಮಾಸ್ತರ ಭಾಷಣ ಯಾರಿಗೂ ಬೇಕಾಗಲಿಲ್ಲ. ಕೊನೆಗೆ ಬೀರವ್ವನೇ ಅವರನ್ನು ಕರೆದರು.

“ಮಂದಿ ಮನಸ್ಸು ನೋಯಬಾರದಂತ ದಿನಪೂರ್ತಿ ತಿರುಗೀರಿ. ನಮ್ಮ ಮನಿಯವರ ಕೆಲಸಕ್ಕ ನೀವ ತಕ್ಕವರು. ಇವತ್ತಿಂದ ಮನಿ ಮನಿಗೆ ಉಣ್ಣಾಕ ಹೋಗ್ರಿ. ಎಲ್ಲೆ ಕಡಿಮಿ ಐತಿ ಹೇಳ್ರಿ, ನಾ ಕಳಸತೇನಿ.”

ಬೆಳಗಿನಿಂದ ಹೊಟ್ಟೆಗೆ ಏನೂ ಬೀಳದಿದ್ದ ಮಾಸ್ತರು ಸಂತೋಷದಿಂದಲೇ ಒಪ್ಪಿದರು.

ದೀಪ ಹಚ್ಚುವ ಹೊತ್ತಿಗೆ ಯಮನಪ್ಪನ ಮನೆಯಲ್ಲಿ ಕುಳಿತು, “ಹಸಿವಿ ಆಗೇತಪಾ,” ಎಂದರು. ಯಮನಪ್ಪ ನಕ್ಕ. “ಗಡಗಿ ನೋಡಾಕ ಬಂದೀರಿ ಅಂತ ಗೊತ್ತೈತ್ರಿ. ನಮ್ಮಲ್ಲೆ ಎಲ್ಲಾ ತುಂಬೇತಿ, ಕಾಳಜಿ ಬ್ಯಾಡ,” ಎಂದು ಒಂದು ತಂಬಿಗೆ ನೀರು ಕೊಟ್ಟು ಕಳಿಸಿದ. ಗುಡ್ಡವ್ವ ಮರ್ಯಾದೆಯಿಂದ ನೀರು ಕೊಟ್ಟಳು. ಗುಲಾಬಸಾಬನೂ ನೀರನ್ನೇ ಕೊಟ್ಟ.

ಮನೆಗೆ ಬಂದರೆ ಒಲೆಯ ಬೂದಿ ತಣ್ಣಗಾಗಿತ್ತು. ಹೆಂಡತಿ ರೇಣವ್ವ ಪಾತ್ರೆ ಬೋರಲು ಹಾಕುತ್ತಿದ್ದಳು.

“ಇನ್ನ ಮ್ಯಾಲೆ ನಿಮ್ಮ ಊಟ ಹೊರಗ ಅಂತ ಸಭಾದಾಗ ಕೇಳಿದೆ,” ಎಂದಳು. “ನಾ ಬೀರವ್ವನಂಗ ಎರಡನೇ ಸಲ ಉಣಸಾಕಿ ಅಲ್ಲರಿ. ನನ್ನ ಊಟ ಆತು. ನಿಮಗ ಕುಡಿಯಾಕ ನೀರರ ಬೇಕೇನು?”