ಬಾಯಿಗೆ ಬಂದ ನೀರಾವರಿ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರ ಬಾಯಿತುಂಬ ಹತ್ತಿ, ಕೊಳವೆ, ನಮ್ಮ ಬೆರಳು. ಹಾಗಾಗಿ ಉಗಿಯಲು ಬಿಟ್ಟ ಅರೆಗಳಿಗೆಯಲ್ಲೇ ಅವರು ಆಡಬೇಕಾದ್ದನ್ನೆಲ್ಲ ಆಡಿಬಿಡುತ್ತಾರೆ. ಹಲಸೂರಿನಲ್ಲಿ ಕ್ಲಿನಿಕ್ ಇಟ್ಟ ದಿನದಿಂದ ಇದು ನಡೆದೇ ಇದೆ. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಒಬ್ಬ ಯಜಮಾನರದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಲೋಟ

ಯಜಮಾನರು ದೊಡ್ಡನೆಕ್ಕುಂದಿ ಕಡೆಯವರು. ರಾಗಿ ಬೆಳೆಯುತ್ತಿದ್ದ ಹೊಲ ಕಾರ್ಖಾನೆಗಳಿಗೆ ಹೋಗಿ, ಈಗ ಬಾಡಿಗೆ ಮನೆಗಳ ಒಡೆಯರು. ಅಗಿಯಲು ಉಳಿದಿದ್ದ ಒಂದೇ ಒಂದು ದವಡೆಹಲ್ಲು ಹುಳುಕಾಗಿ, ಕೆನ್ನೆ ಹಿಡಿದುಕೊಂಡು ಬಂದರು. ಜೊತೆಗೆ ಹೆಂಡತಿ. ಆಕೆಗೆ ಪೂರ್ತಿ ಕಟ್ಟಿಸಿದ ಹಲ್ಲು. "ನಮ್ಮನೆಯವಳ ನಗು ರಾತ್ರಿಯೆಲ್ಲ ಲೋಟದಲ್ಲಿರುತ್ತೆ" ಎಂದು ಯಜಮಾನರು ನೆಂಟರ ಮುಂದೆಲ್ಲ ವರ್ಷಗಟ್ಟಲೆ ಆಡಿಕೊಂಡಿದ್ದರಂತೆ.

"ಏನಾದ್ರೂ ಮಾಡಿ ಇದೊಂದು ಉಳಿಸ್ಕೊಡಿ ಡಾಕ್ಟ್ರೇ," ಎಂದು ಪಿಸುಗುಟ್ಟಿದರು. "ಇದು ಹೋದ್ರೆ ನಾನು ಮನೇಲಿ ಬಾಳೋ ಹಾಗಿಲ್ಲ."

ಹೆಂಡತಿಗೆ ಕೇಳಿಸಿತು. "ಕಿತ್ತಾಕಿ ಡಾಕ್ಟ್ರೇ, ಯೋಚ್ನೆ ಮಾಡ್ಬೇಡಿ. ಇವರಿಗೂ ಒಂದು ಲೋಟ ತಂದಿಟ್ಟಿದ್ದೀನಿ."

ಕಾಲುವೆ

ರೂಟ್ ಕೆನಾಲ್ ಅಂದರೆ ಹಲ್ಲಿನ ಬೇರಿನೊಳಗಿನ ಸಣ್ಣ ನಾಳವನ್ನು ಕೆರೆದು, ಔಷಧಿ ನೀರಿನಿಂದ ತೊಳೆದು, ಮುಚ್ಚುವುದು. ಆ ತೊಳೆಯುವ ಕೆಲಸಕ್ಕೆ ನಾವು ಇರಿಗೇಷನ್ ಎನ್ನುತ್ತೇವೆ. ಸಿರಿಂಜಿಗಾಗಿ ಕೈ ಚಾಚಿ ನರ್ಸಿಗೆ ಆ ಮಾತು ಹೇಳಿದೆ. ಯಜಮಾನರು ಎದ್ದು ಕೂತು ಉಗಿದರು.

"ಏನಂದ್ರಿ? ಕೆನಾಲು, ಇರಿಗೇಷನ್ನು?"

"ಹೌದು."

"ನಮ್ಮಪ್ಪನ ಕಾಲದಿಂದ ಅರ್ಜಿ ಹಾಕಿದ್ರೂ ನಮ್ಮ ಹೊಲಕ್ಕೆ ಕಾಲುವೆ ಬರ್ಲಿಲ್ಲ ಕಣ್ರೀ. ಹೊಲ ಹೋದ್ಮೇಲೆ ಬಾಯಿಗೆ ಬಂತು!"

ವಾಸನೆ

ಆ ಔಷಧಿ ನೀರು ಬೇರೇನಲ್ಲ, ಬಟ್ಟೆ ಬಿಳಿ ಮಾಡುವ ಬ್ಲೀಚಿನ ಜಾತಿಯದ್ದೇ. ವಾಸನೆಯೂ ಅದೇ. ಆಗೆಲ್ಲ ನಮ್ಮ ಕಡೆ ನಲ್ಲಿ ನೀರು ದಿನ ಬಿಟ್ಟು ದಿನ; ಮೊದಲು ಬ್ಲೀಚಿಂಗ್ ಪೌಡರಿನ ವಾಸನೆ, ಹಿಂದೆಯೇ ನೀರು. ನಾನು ಸಿರಿಂಜ್ ಒತ್ತಿದ್ದೇ ತಡ, ಹೊರಗೆ ಬೆಂಚಿನ ಮೇಲಿದ್ದ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಓಡಿಬಂದರು.

"ನೀರು ಬಂತಾ? ಬಿಂದಿಗೆ ಎಲ್ಲಿ? ಬೇಗ ಹಿಡೀರಿ, ನಿಂತೋಗುತ್ತೆ!"

ನಮ್ಮ ನರ್ಸ್ ಮರ್ಫಿ ಟೌನಿನ ತಮಿಳು ಹೆಂಗಸು. ತಿರುಗಿಯೂ ನೋಡದೆ ಹೇಳಿದಳು: "ನಲ್ಲಿ ಇಲ್ಲಮ್ಮಾ. ನಿಮ್ ಐಯಾ ಬಾಯಿ."

ಸ್ಟ್ರಾಂಗು

ಮುಂದಿನ ಸಲ ಯಜಮಾನರು ತೀರ್ಮಾನ ಮಾಡಿಕೊಂಡೇ ಬಂದಿದ್ದರು. "ಹೋದ್ಸಲ ಹಾಕಿದ್ದು ನೀರು ನೀರಾಗಿತ್ತು. ಇವತ್ತು ಸ್ಟ್ರಾಂಗಾಗಿ ಹಾಕಿ. ಹಲ್ಲೂ ಸ್ಟ್ರಾಂಗಾಗ್ಲಿ."

"ಅದು ಹಾಗಲ್ಲ. ಔಷಧಿ ಸ್ಟ್ರಾಂಗಾದಷ್ಟೂ ಕ್ರಿಮಿ ಸಾಯುತ್ತೆ, ನಿಜ. ಆದ್ರೆ ಹೆಚ್ಚು ಹೊತ್ತು ಬಿಟ್ರೆ ಹಲ್ಲನ್ನ ಒಳಗಿಂದ ಹಿಡಿದಿಟ್ಟಿರೋ ಅಂಟನ್ನೂ ತಿಂದ್ಬಿಡುತ್ತೆ. ಹಲ್ಲು ಪೆಡಸಾಗುತ್ತೆ, ಒಣಗಿದ ಪುಳ್ಳೆ ಥರ. ಅದಕ್ಕೇ ತೆಳು ಮಾಡಿ, ಬೇಕಾದಷ್ಟೇ ಹಾಕೋದು."

"ಅಂದ್ರೆ ಔಷಧಿ ಸ್ಟ್ರಾಂಗಾದ್ರೆ ಹಲ್ಲು ವೀಕು?"

"ಹೌದು."

"ನಮ್ಮನೇಲೂ ಹಂಗೇ," ಎಂದು ಹೆಂಡತಿಯ ಕಡೆ ನೋಡಿದರು.

ಸರದಿಯಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ಶಿವಾಜಿನಗರದ ಆಟೋ ಡ್ರೈವರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೈ ಎತ್ತಿ ಹೇಳಿದ: "ಡಾಕ್ಟರ್ ಸಾಬ್, ನನಗೆ ಮೀಡಿಯಂ ಹಾಕ್ಬಿಡಿ."

ಕೋಡುಬಳೆ

ನಾಳ ಮುಚ್ಚಿ, ಹಲ್ಲಿನ ಮೇಲೆ ಲೋಹದ ಟೋಪಿ ಕೂರಿಸಿ ಕಳಿಸಿದೆ. ಕೆಲವು ತಿಂಗಳ ಮೇಲೆ ತೋರಿಸಲು ಬಂದರು. ಟೋಪಿ ಮದುವೆಗೆ ಕೊಟ್ಟ ಪಾತ್ರೆಯ ಹಾಗೆ ಫಳಫಳ ಎನ್ನುತ್ತಿತ್ತು. ಒಂದು ಗೀರೂ ಇಲ್ಲ. ನನಗೆ ಅನುಮಾನ ಬಂತು.

"ಚೆನ್ನಾಗಿ ಅಗೀತಿದ್ದೀರಾ?"

ಯಜಮಾನರು ಕಿಟಕಿಯ ಕಡೆ ನೋಡಿದರು. ಉತ್ತರ ಹೆಂಡತಿಯಿಂದ ಬಂತು. "ಎಲ್ಲಿ ಅಗೀತಾರೆ? ನೀವು ಪೆಡಸು ಅಂದ್ರಲ್ಲ, ಅವತ್ತಿಂದ ಮುದ್ದೆ ನುಂಗ್ತಾರೆ, ಸಾರು ಕುಡೀತಾರೆ. ಮೂಳೆಯೆಲ್ಲ ನನ್ನ ಪಾಲಿಗೆ. ಹೊಸ ಸೋಫಾದ ಪ್ಲಾಸ್ಟಿಕ್ ಕವರ್ ತೆಗೀದೆ ನೆಲದ ಮೇಲೆ ಕೂರೋ ಮನುಷ್ಯ ಡಾಕ್ಟ್ರೇ ಇವರು!"

"ಉಪಯೋಗಿಸಿದ್ರೆ ಸವೆಯಲ್ವಾ?" ಎಂದರು ಯಜಮಾನರು, ಮೆಲ್ಲಗೆ.

"ಆ ಭಯಕ್ಕೇ ಟೋಪಿ ಹಾಕಿರೋದು. ಧೈರ್ಯವಾಗಿ ಅಗೀರಿ," ಎಂದೆ. ನನ್ನ ಧೈರ್ಯವೂ ಅಷ್ಟಕ್ಕಷ್ಟೇ.

ಹೆಂಡತಿ ಚೀಲದಿಂದ ಕೋಡುಬಳೆ ತೆಗೆದರು. ಮನೆಯಲ್ಲಿ ಕರಿದದ್ದು, ಮೇಜಿನ ಮೇಲಿಟ್ಟರೆ ಟಣ್ ಎನ್ನುವಂಥದ್ದು. ಯಜಮಾನರು ಮನೆದೇವರನ್ನು ನೆನೆದು, ಕಣ್ಣು ಮುಚ್ಚಿ ಕಚ್ಚಿದರು.

ಕಟ್!

ನರ್ಸ್ ಕೂಡ ತಿರುಗಿ ನೋಡಿದಳು. ನಾನು ಬಾಯಿಯೊಳಗೆ ನೋಡುವ ಕನ್ನಡಿಗಾಗಿ ತಡಕಾಡಿದೆ. ಯಜಮಾನರು ಕಣ್ಣು ತೆರೆಯಲೇ ಇಲ್ಲ.

"ಹೋಯ್ತು ಡಾಕ್ಟ್ರೇ," ಎಂದರು, ಬಾಯಿ ಅರ್ಧ ತೆರೆದೇ. "ಎರಡು ಹೋಳಾಗಿದೆ. ನಾಲಿಗೆಗೆ ಸಿಗ್ತಿದೆ."

ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ಬಗ್ಗಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ತಂದಿಟ್ಟ ಲೋಟ ಖಾಲಿಯೇ ಉಳಿಯುವಂತಾದರೂ ಆಕೆಯ ಮುಖ ಅರಳಿತು.

"ಹೋಗಿದ್ದು ಕೋಡುಬಳೆ ಕಣ್ರೀ. ಬಾಯಿ ಮುಚ್ಕೊಂಡು ಅಗೀರಿ."