ಅತ್ತೆಯ ಆಲು, ನನ್ನ ಸ್ಪ್ಯಾನಿಷ್

ಕಲಿಯುವುದಕ್ಕೆ ವಯಸ್ಸಿಲ್ಲ ಎಂಬ ಮಾತನ್ನು ಇಪ್ಪತ್ತೈದು ವರ್ಷ ಕಪ್ಪು ಹಲಗೆಯ ಮೇಲೆ ಬರೆದವಳು ನಾನು. ಬರೆಯುವಾಗ ಅದು ಬೇರೆಯವರಿಗೆ ಸಂಬಂಧಪಟ್ಟದ್ದು ಎಂದೇ ತಿಳಿದಿದ್ದೆ. ಅಮೃತಹಳ್ಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡಿ, ಸ್ವಯಂ ನಿವೃತ್ತಿ ತೆಗೆದುಕೊಂಡು, ಐವತ್ತೆರಡನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಭಾಷೆ ಮತ್ತು ಸಾಹಿತ್ಯದ ಎಂ.ಎ.ಗೆ ಸೇರಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಯಾಕೆ ಅಂತ. ಬೆಳಗಿನ ವಾಕಿಂಗ್‌ನಲ್ಲಿ ಸಿಗುವ ಗೆಳತಿ "ಮಗಳನ್ನ ಆ ಕಡೆ ಕೊಡ್ತಿದ್ದೀರೇನ್ರೀ?" ಎಂದರು. ಮಗಳು ಹಾಸನದಲ್ಲಿ ದನದ ಡಾಕ್ಟರು, ಅವಳಿಗೂ ಸ್ಪೇನಿಗೂ ಏನೂ ಸಂಬಂಧವಿಲ್ಲ. ನಿಜ ಹೇಳಬೇಕೆಂದರೆ, ಅವಳು ಓದಲು ಹಾಸ್ಟೆಲಿಗೆ ಹೋದ ವರ್ಷ ಸಂಜೆ ಹೊತ್ತು ಹೋಗದೆ ಯಲಹಂಕದಲ್ಲಿ ಭಾಷೆ ಕಲಿಸುವವರೊಬ್ಬರ ಹತ್ತಿರ ಹೋಗಿದ್ದೆ. ಫ್ರೆಂಚ್ ಬ್ಯಾಚು ತುಂಬಿತ್ತು. ಉಳಿದದ್ದು ಸ್ಪ್ಯಾನಿಷ್. ಸರ್ಟಿಫಿಕೇಟು, ಡಿಪ್ಲೊಮಾ ಎಂದು ಮೆಟ್ಟಿಲು ಹತ್ತುತ್ತ ಹೋದವಳಿಗೆ ಇಳಿಯುವ ದಾರಿ ಕಾಣದೆ ಎಂ.ಎ. ತಲುಪಿದೆ.

ಮೊದಮೊದಲು ನನಗೆ ಜಂಬವೇ ಇತ್ತು. ಸ್ಪ್ಯಾನಿಷ್‌ನಲ್ಲಿ ನಮ್ಮಂತೆಯೇ "ನನಗೆ ಕಾಫಿ ಇಷ್ಟ" ಎನ್ನುತ್ತಾರೆ. ಇಂಗ್ಲಿಷಿನಲ್ಲೇ ಯೋಚಿಸುವ ಸಹಪಾಠಿಗಳು, ಎಲ್ಲ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಹುಡುಗಿಯರು, ಈ "ನನಗೆ" ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿದ್ದೆ. ನೀನು, ನೀವು ಎಂಬ ಭೇದವೂ ಅಲ್ಲಿದೆ. ನನ್ನನ್ನು ಕೆಡವಿದ್ದು ಎಚ್ ಎಂಬ ಒಂದು ಅಕ್ಷರ. ಅದನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಮಾತಾಡು ಎನ್ನುವುದಕ್ಕೆ ಕಾಗದದ ಮೇಲೆ ಹಾಬ್ಲಾರ್, ಬಾಯಲ್ಲಿ ಆಬ್ಲಾರ್. ಇವತ್ತು ಎನ್ನುವುದಕ್ಕೆ ಓಯ್, ರಸ್ತೆಯಲ್ಲಿ ಯಾರನ್ನೋ ಕೂಗಿದಂತೆ. ನಿಯಮ ನನಗೆ ಬಾಯಿಪಾಠವಾಗಿತ್ತು. ಆದರೆ ಸಾವಿರಾರು ಮಕ್ಕಳ ಬಾಯಿಗೆ ಹಕಾರ ತುಂಬಿಸಿದ ನಾಲಿಗೆ, ಆ ಅಕ್ಷರ ಕಂಡರೆ ಸುಮ್ಮನಿರುತ್ತಿರಲಿಲ್ಲ. ಹಿಂದಿನ ಶಿಕ್ಷಕರು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಬಿಟ್ಟುಬಿಟ್ಟಿದ್ದರು. ಎಂ.ಎ.ಯ ಪ್ರಾಧ್ಯಾಪಕಿ, ನನ್ನ ಮಗಳ ವಯಸ್ಸಿನಾಕೆ, ಬಿಡಲಿಲ್ಲ. ಮೊದಲ ಸೆಮಿಸ್ಟರಿನ ಮೌಖಿಕ ಪರೀಕ್ಷೆ ಮುಗಿದ ಮೇಲೆ ಪಕ್ಕಕ್ಕೆ ಕರೆದು, "ಸುಮಿತ್ರಾ ಮೇಡಂ, ಈ ಸಲ ಹೇಗೋ ದಾಟಿಸಿದೀನಿ. ಮುಂದಿನ ಸಲ ಹೊರಗಿನಿಂದ ಪರೀಕ್ಷಕರು ಬರ್ತಾರೆ, ನನ್ ಕೈಲಿರಲ್ಲ. ಆ ಹ ಬಿಟ್ಬಿಡಿ" ಎಂದಳು.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳಬೇಕು. ಅತ್ತೆ ಇಲ್ಲೇ ಯಲಹಂಕದ ಪಕ್ಕದ ಅಟ್ಟೂರಿನವರು. ನಾವಿರುವ ಈ ಕ್ರಾಸು ಹೊಲವಾಗಿದ್ದ ಕಾಲಕ್ಕೆ ಇಲ್ಲಿ ಅವರೇ ರಾಗಿ ಕಳೆ ಕಿತ್ತಿದ್ದಾರೆ. ಅವರ ಮಾತಿನಲ್ಲಿ ಹಕಾರವಿಲ್ಲ. ಹಾಲು ಆಲು, ಹೂವು ಊವು, ಹಸು ಅಸು. ಮೈಸೂರಿನಿಂದ ಸೊಸೆಯಾಗಿ ಬಂದ ನನಗೆ ಅದನ್ನು ಕೇಳಿದಾಗಲೆಲ್ಲ ಕೆಂಪು ಮಸಿಯ ಪೆನ್ನು ನೆನಪಾಗುತ್ತಿತ್ತು. ಮಗಳಿಗೆ ಮೂರು ವರ್ಷವಿರುವಾಗ ಒಮ್ಮೆ ನನ್ನ ತವರಿನವರೆಲ್ಲ ಬಂದಿದ್ದರು. ಮಗು ಅವರ ಮುಂದೆ "ಅಜ್ಜಿ, ಆಲು" ಎಂದಿತು. ಯಾರೋ ನಕ್ಕರು. ನಾನು ಅತ್ತೆಯ ಕಡೆ ತಿರುಗಿ, "ಮಗು ಎದುರಿಗಾದ್ರೂ ಹಾಲು ಅನ್ನಿ ಅತ್ತೆ, ಅದು ನಿಮ್ಮನ್ನ ನೋಡಿ ಕಲಿಯತ್ತೆ" ಎಂದೆ. ಅವರು ಲೋಟ ಕೆಳಗಿಟ್ಟು ಒಳಗೆ ಹೋದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಮಗುವಿಗೆ ಕಥೆ ಹೇಳುವುದು ನಿಂತಿತು. ಹಸುವಿಗೆ ದನ ಎನ್ನತೊಡಗಿದರು, ಹೂವಿಗೆ ಮಲ್ಲಿಗೆ, ಕನಕಾಂಬರ ಎಂದು ಹೆಸರು ಹಿಡಿದೇ ಹೇಳತೊಡಗಿದರು. ಹಾಲಿಗೆ ಬೇರೆ ಹೆಸರಿಲ್ಲವಲ್ಲ, ಅದಕ್ಕೆ "ತಗೋ, ಕುಡಿ" ಅಷ್ಟೆ. ಅತ್ತೆ ತಿದ್ದಿಕೊಂಡರು ಎಂದು ನಾನು ಸಂತೋಷಪಟ್ಟಿದ್ದೆ.

ಎರಡನೆಯ ಸೆಮಿಸ್ಟರಿನಲ್ಲಿ ಭಾಷೆಯ ಇತಿಹಾಸದ ಪಾಠ ಬಂತು. ಆ ಎಚ್ ಇರುವ ಎಷ್ಟೋ ಪದಗಳಲ್ಲಿ ಮೊದಲು ಫ ಇತ್ತಂತೆ. ಫ ಸವೆದು ಹ ಆಯಿತು, ಹ ಸವೆದು ಮಾಯವಾಯಿತು, ಬರವಣಿಗೆಯಲ್ಲಿ ಮಾತ್ರ ಗುರುತು ಉಳಿಯಿತು ಎಂದು ಪ್ರಾಧ್ಯಾಪಕಿ ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದಳು. ನಾನು ಬರೆದುಕೊಳ್ಳುತ್ತಿದ್ದ ಕೈ ನಿಲ್ಲಿಸಿದೆ. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲು ಆದದ್ದನ್ನು ವರ್ಷವರ್ಷವೂ ಪಾಠ ಮಾಡಿದವಳು ನಾನೇ. ಪಕಾರ ಬಿಟ್ಟ ನಮ್ಮನ್ನು ನೋಡಿ ಯಾರೂ ನಕ್ಕಿರಲಿಲ್ಲ. ಅತ್ತೆ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು, ಅಷ್ಟೆ. ಮನೆಗೆ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅರ್ಧ ಗಂಟೆ ನಿಂತಿತು. ಎಂದಿನಂತೆ ಟ್ರಾಫಿಕ್ಕನ್ನು ಬೈಯುವುದಕ್ಕೂ ನನಗೆ ಮನಸ್ಸಾಗಲಿಲ್ಲ.

ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತು, "ಅತ್ತೆ, ನನಗೊಂದು ಸಹಾಯ ಮಾಡ್ಬೇಕು. ನಾನು ಹೇಳಿದ್ದನ್ನ ಹಾಗೇ ಹೇಳಿ" ಎಂದೆ.

"ನಂಗ್ಯಾಕವ್ವ ಅದೆಲ್ಲ. ನನ್ ಬಾಯಾಗೆ ಸರ್ಯಾಗಿ ಬರಾಕಿಲ್ಲ."

"ನಿಮಗೇ ಬರೋದು. ನನಗೇ ಬರಲ್ಲ." ನನ್ನ ಕಷ್ಟವನ್ನೆಲ್ಲ ಬಿಡಿಸಿ ಹೇಳಿದೆ.

ಅವರು ಕೈಯಲ್ಲಿದ್ದ ಕಾಯಿ ಸುಲಿದು ಕಾಳನ್ನು ತಟ್ಟೆಗೆ ಹಾಕಿದರು. ಆಮೇಲೆ, "ಅಂಗಾರೆ ಆ ದೇಸದಾಗೆ ಮೇಷ್ಟ್ರುಗಳೂ ಇಂಗೇ ಮಾತಾಡ್ತಾರಾ?" ಎಂದರು.

"ಎಲ್ಲರೂ, ಅತ್ತೆ."

"ಯಾರೂ ನಗಾಕಿಲ್ವಾ?"

ನಾನು ತಲೆ ಬಗ್ಗಿಸಿ ಅವರೆಕಾಯಿ ಬುಟ್ಟಿಗೆ ಕೈ ಹಾಕಿದೆ.

ಮರುದಿನದಿಂದ ಪಾಠ ಶುರುವಾಯಿತು. ಹಸಿವು ಎನ್ನುವುದಕ್ಕೆ ಆಂಬ್ರೆ, ದಾರಕ್ಕೆ ಈಲೊ, ಅಕ್ಕತಂಗಿಗೆ ಎರ್ಮಾನಾ. ಅತ್ತೆಯ ಬಾಯಲ್ಲಿ ಎಲ್ಲವೂ ನೀರು ಕುಡಿದಷ್ಟು ಸಲೀಸು. ನಾನು ತಪ್ಪಿದರೆ, "ಬಂತು ನೋಡು ಆ ಅಕ್ಸರ, ಇನ್ನೊಂದ್ ಕಿತ ಯೋಳು" ಎಂದು ಬೆರಳೆತ್ತುತ್ತಿದ್ದರು. ಮೇಷ್ಟರಾಗಿ ಅವರು ನನಗಿಂತ ನಿಷ್ಠುರ, ಆದರೆ ಒಂದು ಸಲವೂ ನಗಲಿಲ್ಲ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ "ಏನಮ್ಮ, ಸೊಸೆ ಪಾಸಾಗ್ತಾಳಾ?" ಎಂದು ಕೇಳಿದರೆ, "ನೋಡಾಣ, ನಾಲ್ಗೆ ಒಸಿ ಮೊಂಡು" ಎನ್ನುತ್ತಿದ್ದರು.

ಪಾಸಾದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಉಚ್ಚಾರಣೆ ಚೆನ್ನಾಗಿದೆ, ಯಾರ ಹತ್ತಿರ ಅಭ್ಯಾಸ ಮಾಡಿದಿರಿ ಎಂದು ಕೇಳಿದರು. ಅತ್ತೆಯ ಹತ್ತಿರ ಎಂದೆ. ನಿಮ್ಮ ಅತ್ತೆ ಯಾವ ಊರಿನಲ್ಲಿ ಕಲಿತದ್ದು ಎಂದರು. ಅಟ್ಟೂರು ಎಂದೆ. ಅವರು ಅದನ್ನು ಸ್ಪೇನಿನ ಯಾವುದೋ ಊರೆಂದುಕೊಂಡು ತಲೆಯಾಡಿಸಿದರು. ಆ ತಿಂಗಳು ಮಗಳು ರಜೆಗೆ ಬಂದಾಗ ಅತ್ತೆ ಅವಳ ಪಕ್ಕ ಕೂತು, ತಾವು ಸಾಕಿದ ಒಂದು ತುಂಟ ಅಸುವಿನ ಕಥೆಯನ್ನು ಆಲು, ಒಲ, ಉಲ್ಲು ಸಮೇತ ಪೂರ್ತಿ ಹೇಳಿದರು. ದನದ ಡಾಕ್ಟರು ಮಗುವಿನಂತೆ ಬಾಯಿ ಬಿಟ್ಟುಕೊಂಡು ಕೇಳಿದಳು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿದೆ.

ಅವತ್ತು ಸಂಜೆ ಅತ್ತೆಗೆ ಕಾಫಿ ಕೊಡುವಾಗ ಕ್ಷಮೆ ಕೇಳಬೇಕೆನ್ನಿಸಿತು. ಅಷ್ಟು ವರ್ಷದ ಹಿಂದಿನ ತಪ್ಪಿಗೆ ಕನ್ನಡದಲ್ಲಿ ಬಾಯಿ ಏಳಲಿಲ್ಲ. ಲೋಟ ಕೈಗಿಡುತ್ತಾ ಮೆಲ್ಲಗೆ "ಪೆರ್ದೋನ್" ಎಂದೆ. ಕ್ಷಮಿಸಿ ಎಂದು ಅರ್ಥ.

"ಅಂಗಂದ್ರೇನವ್ವ?"

"ಕಾಫಿ ಬಿಸಿ ಇದೆ, ನೋಡ್ಕೊಂಡು ಕುಡೀರಿ ಅಂತ" ಎಂದುಬಿಟ್ಟೆ.

ಈಗ ಅತ್ತೆ ಮನೆಗೆ ಬಂದವರಿಗೆಲ್ಲ ತಾವೇ ಕಾಫಿ ತಂದು ಕೊಟ್ಟು, "ಪೆರ್ದೋನ್, ಪೆರ್ದೋನ್" ಎಂದು ಎಚ್ಚರಿಸುತ್ತಾರೆ. ನಮ್ಮ ಸೊಸೆ ಕಲಿಸಿದ್ದು ಎಂದು ಹೆಮ್ಮೆಯಿಂದ ಸೇರಿಸುತ್ತಾರೆ. ಉಚ್ಚಾರಣೆಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಅರ್ಥ ತಿದ್ದಬೇಕಾದವಳು ಮಾತ್ರ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ.